ಕಡಲ ನೀರಿಗೊಂದು ಮ್ಯಾಚಿಂಗ್

ಮೊನ್ನೆ ಪಲಾವಿಗೆ ಲವಂಗ ಬೇಕೆಂದು ಅಡುಗೆಮನೆಯ ಮಸಾಲೆ ಗೂಡಿಗೆ ಕೈಹಾಕಿದೆ. ನಮ್ಮ ಮನೆಯಲ್ಲಿ ಲವಂಗ ಇರುವುದು ಡಬ್ಬಿಯಲ್ಲಲ್ಲ, ಹೆಬ್ಬೆರಳಿನಷ್ಟು ಉದ್ದದ ಒಂದು ಗಾಜಿನ ಕೊಳವೆಯಲ್ಲಿ. ಅದರ ಹೊಟ್ಟೆಯ ಮೇಲೆ ಒಂದು ಬಿಳಿಯ ಗೆರೆ, ಗೆರೆಯ ಪಕ್ಕದಲ್ಲಿ ಐದು ಮಿಲಿ ಎಂಬ ಬರಹ. ಜೊತೆಗೆ ಇನ್ನೆರಡು ಕೊಳವೆಗಳಿವೆ. ಒಂದರಲ್ಲಿ ಏಲಕ್ಕಿ, ಇನ್ನೊಂದರಲ್ಲಿ ಕೇಸರಿ. ಮನೆಗೆ ಬಂದ ನೆಂಟರು ಇವನ್ನು ಕಂಡು, ಪಾಪ, ಇವರು ರಕ್ತ ಪರೀಕ್ಷೆಯ ಕೊಳವೆಯನ್ನೂ ಬಿಸಾಡದೆ ಮಸಾಲೆ ತುಂಬಿಟ್ಟಿದ್ದಾರಲ್ಲ ಎಂದು ಮುಖ ಮುಖ ನೋಡಿಕೊಳ್ಳುವುದುಂಟು. ಅಸಲಿಗೆ ಅವು ಸಮುದ್ರದ ನೀರನ್ನು ಪರೀಕ್ಷೆ ಮಾಡಲು ನಾನು ಒಂದಾದ ಮೇಲೊಂದರಂತೆ ಕೊಂಡ ಮೂರು ಕಿಟ್‌ಗಳ ಪಳೆಯುಳಿಕೆಗಳು. ಬೆಂಗಳೂರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಎರಡು ಸಾವಿರದ ಮೂರನೆಯದೋ ನಾಲ್ಕನೆಯದೋ ಇಸವಿಯಲ್ಲಿ, ಕುಮಾರಸ್ವಾಮಿ ಲೇಔಟಿನ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ, ನಾಲ್ಕಡಿ ಉದ್ದದ ಸಮುದ್ರವೊಂದು ನಮ್ಮದಿತ್ತು.

ಸಮುದ್ರಕ್ಕೆ ಇಳಿಯುವ ಮುಂಚೆ ನನ್ನ ಕಣ್ಣಿನ ವಿಚಾರ ಹೇಳಿಬಿಡಬೇಕು. ನನಗೆ ಕೆಂಪೂ ಹಸಿರೂ ಬೇರೆ ಬೇರೆಯಾಗಿ ಕಾಣುವುದಿಲ್ಲ. ಈಗ ಎಷ್ಟು ಸಲೀಸಾಗಿ ಒಂದೇ ಸಾಲಿನಲ್ಲಿ ಬರೆದುಬಿಟ್ಟೆ ನೋಡಿ. ಇದನ್ನು ಬಾಯಿಬಿಟ್ಟು ಒಬ್ಬರ ಮುಂದೆ ಹೇಳಲು ನನಗೆ ನಲವತ್ತೊಂದು ವರ್ಷ ಬೇಕಾಯಿತು. ಬನಶಂಕರಿಯ ಹಳೆಯ ಮನೆಯ ತಾರಸಿಯಲ್ಲಿ ಅಜ್ಜಿ ಮೆಣಸಿನಕಾಯಿ ಹರಡಿಕೊಂಡು ಕೂತು, ಹಣ್ಣಾದವನ್ನು ಆರಿಸಿ ಈಚೆಗೆ ಹಾಕು ಎನ್ನುತ್ತಿದ್ದಳು. ನಾನು ಶ್ರದ್ಧೆಯಿಂದ ಆರಿಸಿ ಒಂದು ಮೊರ ತುಂಬ ಕೊಡುತ್ತಿದ್ದೆ. ಅದರಲ್ಲಿ ಅರ್ಧಕ್ಕರ್ಧ ಹಸಿಯವೇ ಇರುತ್ತಿದ್ದವು. ಈ ಹುಡುಗನಿಗೆ ಮೈಮೇಲೆ ಗಮನವೇ ಇಲ್ಲ ಎಂದು ಅಜ್ಜಿ ತೀರ್ಪು ಕೊಟ್ಟಳು, ಮನೆಮಂದಿಯೆಲ್ಲ ಅದನ್ನೇ ಒಪ್ಪಿಕೊಂಡರು. ಎಲ್ಲ ಮಕ್ಕಳಿಗೂ ಮೆಣಸಿನಕಾಯಿ ಹೀಗೇ ಕಾಣುತ್ತದೆ, ಉಳಿದವರು ಮುಟ್ಟಿನೋಡಿ ಕಂಡುಹಿಡಿಯುತ್ತಾರೆ ಎಂದು ನಾನು ತಿಳಿದಿದ್ದೆ.

ಅದು ಹಾಗಲ್ಲವೆಂದು ಗೊತ್ತಾದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ರೈಲಿನ ಕೆಲಸವೊಂದಕ್ಕೆ ಬರವಣಿಗೆಯ ಪರೀಕ್ಷೆ ಪಾಸಾಗಿ ವೈದ್ಯರ ಮುಂದೆ ಕೂತಿದ್ದೆ. ಅವರು ಬಣ್ಣದ ಚುಕ್ಕಿಗಳಿಂದ ತುಂಬಿದ ಒಂದು ಪುಸ್ತಕ ತೆರೆದು, ಇಲ್ಲೇನಿದೆ ಎಂದರು. ಚುಕ್ಕಿಗಳಿವೆ ಸಾರ್ ಎಂದೆ. ಹಾಳೆ ತಿರುಗಿಸಿದರು. ಇಲ್ಲಿ? ಇಲ್ಲೂ ಚುಕ್ಕಿಗಳೇ ಸಾರ್. ಆರನೆಯ ಹಾಳೆಗೆ ಅವರು ಪುಸ್ತಕ ಮುಚ್ಚಿ, ಅದರಲ್ಲಿ ಅಂಕಿಗಳಿದ್ದವು ಎಂದೂ ನನಗೆ ಈ ಕೆಲಸ ಆಗುವುದಿಲ್ಲ ಎಂದೂ ಮೆತ್ತಗೆ ತಿಳಿಸಿದರು. ನಾನು ಮನೆಗೆ ಬಂದು, ಎತ್ತರ ಅರ್ಧ ಇಂಚು ಕಮ್ಮಿಯಾಯಿತಂತೆ ಎಂದುಬಿಟ್ಟೆ. ಅಮ್ಮ ಅದನ್ನು ನಂಬಿ ಎರಡು ವರ್ಷ ನನಗೆ ದಿನಕ್ಕೆರಡು ಲೋಟ ಹಾಲು ಕುಡಿಸಿದಳು. ಸುಳ್ಳು ಹೇಳಿದ್ದಕ್ಕೆ ಹಾಲಿನ ಶಿಕ್ಷೆಯಾದ ಮನುಷ್ಯ ಬಹುಶಃ ನಾನೊಬ್ಬನೇ ಇರಬೇಕು.

ಆಮೇಲೆ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದೆ. ಕಚೇರಿ ನನಗೆ ಹೇಳಿಮಾಡಿಸಿದ ಜಾಗ. ಬಿಳಿಯ ಹಾಳೆ, ಕಪ್ಪು ಅಕ್ಷರ, ಕಂದು ಕಡತ. ಆದರೂ ಒಮ್ಮೆ ಸಿಕ್ಕಿಬಿದ್ದೆ. ಹಸಿರು ಶಾಯಿ ಗೆಜೆಟೆಡ್ ಅಧಿಕಾರಿಗಳ ಸ್ವತ್ತು, ನಮ್ಮಂಥವರು ಅದನ್ನು ಮುಟ್ಟುವಂತಿಲ್ಲ ಎಂಬುದು ನಿಮಗೂ ಗೊತ್ತಿರಬಹುದು. ನಾನು ಕಪ್ಪೆಂದು ತಿಳಿದು ಕೈಗೆ ಸಿಕ್ಕಿದ ಪೆನ್ನಿನಿಂದ ಒಂದು ಪುಟದ ಟಿಪ್ಪಣಿ ಬರೆದು, ಕೆಳಗೆ ಸೊಗಸಾಗಿ ರುಜು ಹಾಕಿ ಮೇಲಕ್ಕೆ ಕಳಿಸಿದೆ. ಸೂಪರಿಂಟೆಂಡೆಂಟರು ಕರೆಸಿ, ಪ್ರಮೋಷನ್ ಯಾವಾಗ ಆಯಿತು, ನಮಗೆ ತಿಳಿಸಲೇ ಇಲ್ಲವಲ್ಲ ಎಂದು ಕೇಳಿದರು. ತಿಂಗಳೊಪ್ಪತ್ತು ನಾನು ಒಳಗೆ ಬಂದಾಗಲೆಲ್ಲ ಸಹೋದ್ಯೋಗಿಗಳು ಎದ್ದು ನಿಂತು ನಮಸ್ಕಾರ ಮಾಡಿದರು. ಗಮನಿಸಲಿಲ್ಲ ಸಾರ್ ಎಂದು ನಾನು ಅಜ್ಜಿಯ ತೀರ್ಪಿನ ಹಿಂದೆ ಬಚ್ಚಿಟ್ಟುಕೊಂಡೆ.

ವನಜಾಳನ್ನು ಮದುವೆಯಾಗುವಾಗ ಅವರ ಕಡೆಯವರು ಗೋತ್ರ ಕೇಳಿದರು, ಸಂಬಳ ಕೇಳಿದರು, ಕನ್ನಡಕದ ನಂಬರು ಕೂಡ ಕೇಳಿದರು. ಬಣ್ಣ ಕಾಣುತ್ತದೆಯೇ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮದುವೆಯಾದ ಮೇಲೆ ಸೀರೆಯಂಗಡಿ ಶುರುವಾಯಿತು. ಜಯನಗರದಲ್ಲಿ ಮೆತ್ತೆಯ ಮೇಲೆ ಕೂತ ಅಂಗಡಿಯವರು ಒಂದರ ಮೇಲೊಂದು ಸೀರೆ ಹರವುತ್ತಿದ್ದರು, ಇವಳು ನನ್ನ ಕಡೆ ತಿರುಗುತ್ತಿದ್ದಳು. ನಾನು ಸೀರೆ ನೋಡುತ್ತಿರಲಿಲ್ಲ, ಇವಳ ಕೈ ನೋಡುತ್ತಿದ್ದೆ. ಯಾವ ಸೀರೆಯ ಸೆರಗಿನ ಮೇಲೆ ಕೈ ಎರಡನೆಯ ಸಲ ಹೋಯಿತೋ ಅದು ಚೆನ್ನಾಗಿದೆ ಎನ್ನುತ್ತಿದ್ದೆ. ಒಂಬತ್ತು ವರ್ಷದಲ್ಲಿ ಒಂದು ಸಲವೂ ತಪ್ಪಲಿಲ್ಲ. ನಮ್ಮೆಜಮಾನರ ಹಾಗೆ ಬಣ್ಣ ಆರಿಸೋರೇ ಇಲ್ಲ ಎಂದು ಅವಳು ತವರಿನಲ್ಲೆಲ್ಲ ಹೇಳಿಕೊಂಡು ಬಂದಳು. ಅವಳ ಇಬ್ಬರು ತಂಗಿಯರು ತಮ್ಮ ಮದುವೆಯ ಸೀರೆಗೆ ನನ್ನನ್ನೇ ಕರೆದುಕೊಂಡು ಹೋದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎನ್ನುತ್ತಾರಲ್ಲ, ನಾನು ಕಣ್ಣು ತೆರೆದುಕೊಂಡೇ ಕುಡಿದೆ.

ಹೀಗಿರುವಾಗ ಒಂದು ಶನಿವಾರ ಬಿಟಿಎಂ ಲೇಔಟಿನಲ್ಲಿ ಸ್ಕೂಟರ್ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯ ಪಕ್ಕದಲ್ಲಿ ಒಂದು ಮೀನಿನಂಗಡಿ, ಸಾಕುವ ಮೀನಿನದು. ಹೊತ್ತು ಕಳೆಯಲೆಂದು ಒಳಗೆ ಹೋದೆ. ಅಂಗಡಿಯ ಬಸವರಾಜ ಬಾಗಲಕೋಟೆ ಕಡೆಯವನು, ಮೂವತ್ತರ ಆಸುಪಾಸು, ಬಿಟಿಎಂನಲ್ಲೇ ಒಂದು ರೂಮು ಹಿಡಿದುಕೊಂಡಿದ್ದ. ಎಲ್ಲ ತೊಟ್ಟಿಗಳಲ್ಲೂ ನನಗೆ ಮಾಮೂಲಿನ ಕಂದು ಮೀನುಗಳು ಕಂಡವು. ಅವು ಕೆಂಪು ಮೀನುಗಳೆಂದು ಚೀಟಿಯ ಮೇಲೆ ಬರೆದಿತ್ತು. ಕೊನೆಯ ತೊಟ್ಟಿಯ ಹತ್ತಿರ ಬಂದು ನಿಂತೆ. ಅದರಲ್ಲಿ ಬೆರಳುದ್ದದ ಒಂದು ನೀಲಿ ಮೀನಿತ್ತು, ಅದರ ಬಾಲ ಹಳದಿ. ನೀಲಿ ನನಗೆ ಕಾಣುತ್ತದೆ, ಹಳದಿಯೂ ಕಾಣುತ್ತದೆ. ಅದು ಒಮ್ಮೆ ಗಿರ್ರನೆ ತಿರುಗಿದಾಗ, ಜೀವನದಲ್ಲಿ ಮೊದಲ ಸಲ, ಯಾರ ಕೈಯನ್ನೂ ಯಾರ ಮುಖವನ್ನೂ ನೋಡದೆ ಇದು ಚೆನ್ನಾಗಿದೆ ಎಂದು ನನಗೆ ಅನ್ನಿಸಿತು. ನನ್ನ ಕಣ್ಣಲ್ಲಿ ನೀರು ಬಂತು. ಅದೇನು ಮೀನು ಎಂದು ಬಸವರಾಜನನ್ನು ಕೇಳಿದೆ. ಅದು ಸಮುದ್ರದ ಮೀನು, ಉಪ್ಪುನೀರು ಬೇಕು, ಹೊಸಬರಿಗಲ್ಲ, ಬೇಕಿದ್ದರೆ ಗೋಲ್ಡ್ ಫಿಶ್ ಒಯ್ಯಿರಿ ಎಂದ. ನಾನು ಇದೇ ಬೇಕು ಎಂದೆ.

ನಾನು ಯಾವುದಕ್ಕೂ ಹಟ ಹಿಡಿದ ಮನುಷ್ಯನಲ್ಲ. ಆದರೆ ಆವತ್ತು ಹಿಡಿದೆ. ಮೂರು ತಿಂಗಳು ಸಂಜೆ ಹೊತ್ತು ಬ್ರೌಸಿಂಗ್ ಸೆಂಟರಿನಲ್ಲಿ ಕೂತು, ಜಗತ್ತಿನ ಎಲ್ಲೆಲ್ಲೋ ಇರುವ ಸಮುದ್ರದ ಹುಚ್ಚರು ಬರೆದದ್ದನ್ನು ಓದಿ, ಕಚೇರಿಯ ಶೈಲಿಯಲ್ಲಿ ಟಿಪ್ಪಣಿ ಮಾಡಿಕೊಂಡೆ. ನಾಲ್ಕಡಿಯ ತೊಟ್ಟಿ ಮಾಡಿಸಿದೆ. ಪೊಟ್ಟಣದಲ್ಲಿ ಬರುವ ಸಮುದ್ರದ ಉಪ್ಪನ್ನು ಶುದ್ಧ ಮಾಡಿದ ಕಾವೇರಿ ನೀರಿಗೆ ಬೆರೆಸಿದೆ. ನಮ್ಮ ದೇಶದ ಹವಳ ಮುಟ್ಟುವಂತಿಲ್ಲ, ಕಾನೂನಿದೆ. ಹೊರದೇಶದಿಂದ ಬಸವರಾಜನ ಅಂಗಡಿಗೆ ಬಂದ, ಅಂಗಿಯ ಗುಂಡಿಯಂತೆಯೂ ಅಣಬೆಯಂತೆಯೂ ಇರುವ ಮೆದು ಹವಳದ ತುಣುಕುಗಳನ್ನು ಕಲ್ಲಿಗೆ ಕೂರಿಸಿದೆ. ಆಮೇಲೆ ಒಂದು ಸೀಗಡಿ, ಎಲ್ಲದಕ್ಕಿಂತ ಕೊನೆಯಲ್ಲಿ ಆ ನೀಲಿ ಮೀನು.

ಮನೆಯ ಮಾಲೀಕ ಚಿಕ್ಕಣ್ಣನವರು ಕೆಳಗಿನ ಮನೆಯಲ್ಲಿದ್ದರು. ಲೇಔಟ್ ಆಗುವ ಮುಂಚೆ ಆ ಜಾಗವೆಲ್ಲ ಅವರ ರಾಗಿ ಹೊಲ. ತೊಟ್ಟಿ ತುಂಬಿದ ದಿನ ಮೇಲೆ ಬಂದು, ಕಾಲಡಿಯ ಕಾಂಕ್ರೀಟ್ ಮೋಲ್ಡಿನ ಕಡೆಗೊಮ್ಮೆ ತೊಟ್ಟಿಯ ಕಡೆಗೊಮ್ಮೆ ನೋಡಿ, "ಮನೆ ಮ್ಯಾಗೆ ಕೆರೆ ಕಟ್ಬುಟ್ರಲ್ಲ ಸಾರ್" ಎಂದರು. ಆಮೇಲೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಹಿಂದೆ ಅವರ ಹೊಲದಲ್ಲಿ ಮೂರು ಬಾವಿಗಳಿದ್ದವಂತೆ, ಕಣ್ಣು ಮುಚ್ಚಿಕೊಂಡು ಕುಡಿದರೂ ಯಾವ ಬಾವಿಯ ನೀರೆಂದು ಹೇಳುತ್ತಿದ್ದರಂತೆ. ಈ ನೀರು ಯಾವ ಬಾವಿಗೂ ಸೇರಿದ್ದಲ್ಲ ಎಂದು ಮುಖ ಹಿಂಡಿಕೊಂಡು ಕೆಳಗಿಳಿದರು.

ಬಸವರಾಜ ಒಂದು ಮಾತು ಗಟ್ಟಿಯಾಗಿ ಹೇಳಿದ್ದ. ಸಮುದ್ರದ ತೊಟ್ಟಿ ಇಟ್ಟವನು ಮೀನು ಸಾಕುವುದಿಲ್ಲ, ನೀರು ಸಾಕುತ್ತಾನೆ. ಆದ್ದರಿಂದ ನೀರು ಪರೀಕ್ಷೆ ಮಾಡುವ ಕಿಟ್ ಬೇಕೇ ಬೇಕು. ನಾನು ಅವನ ಅಂಗಡಿಯ ಗಾಜಿನ ಕಟ್ಟೆಯ ಮುಂದೆ ಕೂತೆ, ಅವನು ಕಿಟ್‌ಗಳನ್ನು ಹರವಿದ. ಸೀರೆಯಂಗಡಿಯದೇ ದೃಶ್ಯ, ಆದರೆ ಇಲ್ಲಿ ಕೈ ನೋಡಲು ವನಜಾ ಇರಲಿಲ್ಲ. ಮೊದಲಿಗೆ ಕಾಗದದ ಪಟ್ಟಿಗಳು, ನೀರಿಗೆ ಅದ್ದಿದರೆ ಬಣ್ಣ ತಿರುಗುವಂಥವು. ಉಪ್ಪುನೀರಿಗೆ ಅವನ್ನು ನಂಬುವಂತಿಲ್ಲ ಎಂದು ಅವನೇ ಪಕ್ಕಕ್ಕಿಟ್ಟ. ಎರಡನೆಯದು ಹನಿ ಎಣಿಸುವ ಕಿಟ್. ಕೊಳವೆಯ ನೀರಿಗೆ ಒಂದೊಂದೇ ಹನಿ ಬಿಡುತ್ತ ಹೋಗಬೇಕು, ನೀಲಿ ನೀರು ತಟ್ಟನೆ ಹಳದಿಯಾಗುತ್ತದೆ, ಎಷ್ಟು ಹನಿ ಎಂಬುದೇ ಲೆಕ್ಕ. ನೀಲಿ, ಹಳದಿ! ಆ ಕಿಟ್ಟನ್ನು ಕಂಡು ನನಗೆ ಒಡಹುಟ್ಟಿದವನನ್ನು ಕಂಡಷ್ಟು ಪ್ರೀತಿ ಬಂತು. ಇದೊಂದು ಸಾಕು ಎಂದೆ. ಅವನು ನಕ್ಕು, ಅದು ನೀರಿನ ಕ್ಷಾರ ನೋಡಲಿಕ್ಕೆ ಮಾತ್ರ, ಮುಖ್ಯವಾಗಿ ನೋಡಬೇಕಾದದ್ದು ನೈಟ್ರೇಟು, ಮೀನು ತಿಂದು ಬಿಟ್ಟ ಹೊಲಸೆಲ್ಲ ಕೊನೆಗೆ ಆಗುವುದು ಅದೇ, ಅದು ಏರಿದರೆ ಹವಳ ಸಾಯುತ್ತದೆ ಎಂದ. ನೈಟ್ರೇಟಿಗೆ ಹನಿ ಎಣಿಸುವ ಕಿಟ್ ಇಲ್ಲವೇ ಎಂದು ಕೇಳಿದೆ. ಇಲ್ಲ. ಕೊಳವೆಯ ಬಣ್ಣವನ್ನು ಕಾರ್ಡಿನ ಚೌಕಗಳ ಜೊತೆ ಹೋಲಿಸಿ ನೋಡಬೇಕು, ಹಳದಿಯಿಂದ ಶುರುವಾಗಿ ಕೆಂಪಿನವರೆಗೆ.

ಅಂಥ ಕಿಟ್‌ಗಳು ಅವನಲ್ಲಿ ಮೂರು ಇದ್ದವು. ಜರ್ಮನಿಯದರ ಕಾರ್ಡಿನಲ್ಲಿ ಒಂಬತ್ತು ಚೌಕ, ಅಮೆರಿಕದ್ದರಲ್ಲಿ ಏಳು, ಇನ್ನೊಂದು ಯಾವುದೋ ದೇಶದ್ದು, ಅದರಲ್ಲಿ ನಾಲ್ಕೇ. ನನಗೆ ಎಲ್ಲ ಚೌಕಗಳೂ ಚಹಾದ ಹಾಗೆ ಕಂಡವು, ಒಂದಿಷ್ಟು ಹಾಲು ಜಾಸ್ತಿ, ಒಂದಿಷ್ಟು ಕಮ್ಮಿ. ಗಲ್ಲಕ್ಕೆ ಕೈಹಚ್ಚಿ ತುಂಬ ಹೊತ್ತು ಯೋಚಿಸಿದವನಂತೆ ನಟಿಸಿ ನಾಲ್ಕು ಚೌಕದ್ದನ್ನು ಆರಿಸಿದೆ. ಒಂಬತ್ತರಲ್ಲಿ ಸರಿಯಾದದ್ದನ್ನು ಊಹಿಸುವುದಕ್ಕಿಂತ ನಾಲ್ಕರಲ್ಲಿ ಊಹಿಸುವುದು ಸುಲಭವಲ್ಲವೇ? ನಗಬೇಡಿ, ಆಗ ಅದು ನನಗೆ ಮಹಾ ಬುದ್ಧಿವಂತಿಕೆಯಾಗಿ ಕಂಡಿತ್ತು.

ನೀರಿಗೊಂದು ರಿಜಿಸ್ಟರ್ ತೆರೆದೆ. ಗೀಟು ಹಾಕಿ, ದಿನಾಂಕ, ವೇಳೆ, ನೈಟ್ರೇಟು, ಷರಾ ಎಂದು ಕಾಲಂಗಳನ್ನು ಮಾಡಿದೆ. ಪ್ರತಿ ಭಾನುವಾರ ಬೆಳಗ್ಗೆ ಸ್ನಾನ ಮಾಡಿ ಕೊಳವೆಗೆ ನೀರು ತುಂಬಿ, ಹನಿ ಹಾಕಿ, ಕುಲುಕಿ, ಐದು ನಿಮಿಷ ಕಾದು, ಟ್ಯೂಬ್‌ಲೈಟಿನ ಕೆಳಗೆ ಕಾರ್ಡಿನ ಪಕ್ಕ ಹಿಡಿಯುತ್ತಿದ್ದೆ. ಮೊದಲ ವಾರ ಎರಡನೆಯ ಚೌಕದಂತೆ ಕಂಡಿತು, ಹತ್ತು ಎಂದು ಬರೆದೆ. ಎರಡನೆಯ ವಾರವೂ ಹಾಗೆಯೇ ಕಂಡಂತಾಯಿತು, ಹತ್ತು. ಮೂರನೆಯ ವಾರದಿಂದ ಇಪ್ಪತ್ತು ವರ್ಷದ ಸರ್ವೀಸು ಕೈಯಲ್ಲಿ ಮಾತಾಡಿತು. ಗುಮಾಸ್ತನಿಗೆ ಸಂಶಯ ಬಂದಾಗ ಏನು ಮಾಡುತ್ತಾನೆ? ಹಿಂದಿನ ಹಾಳೆ ನೋಡುತ್ತಾನೆ. ಅಲ್ಲಿ ಇದ್ದದ್ದನ್ನೇ ಇಲ್ಲಿಗೂ ಇಳಿಸುತ್ತಾನೆ. ಯಾರೂ ಬೆರಳು ತೋರಿಸುವಂತಿಲ್ಲ. ಹತ್ತು, ಯಥಾಸ್ಥಿತಿ. ಹತ್ತು, ಯಥಾಸ್ಥಿತಿ. ನಾಲ್ಕು ತಿಂಗಳು ನಮ್ಮ ಮನೆಯ ಸಮುದ್ರ ನನ್ನ ರಿಜಿಸ್ಟರಿನಲ್ಲಿ ಯಥಾಸ್ಥಿತಿಯಲ್ಲಿತ್ತು. ಎರಡು ಮೂರು ಸಲ ವನಜಾ ಸೆರಗಿಗೆ ಕೈಯೊರೆಸಿಕೊಳ್ಳುತ್ತ ಬಂದು, ಕೊಡಿ ನಾನು ನೋಡುತ್ತೇನೆ ಎಂದಳು. ಅದೆಲ್ಲ ನಿನಗೆ ಗೊತ್ತಾಗುವುದಿಲ್ಲ ಎಂದು ನಾನು ಕೊಳವೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡೆ. ಆ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ರಿಜಿಸ್ಟರಿಗೆ ಒಪ್ಪಿಗೆಯಾದದ್ದು ನೀರಿಗೆ ಒಪ್ಪಿಗೆಯಾಗಲಿಲ್ಲ. ಹೊಟ್ಟೆಗೆ ಸಾಲುತ್ತದೋ ಇಲ್ಲವೋ ಎಂದು ನಾನು ದಿನಕ್ಕೆ ಮೂರು ಹೊತ್ತು ಊಟ ಹಾಕುತ್ತಿದ್ದೆ, ಅದೆಲ್ಲ ಕೊಳೆತು ನೀರಿನಲ್ಲಿ ಸೇರುತ್ತಿತ್ತು. ಮೊದಲು ಗುಂಡಿ ಹವಳಗಳು ಮುಚ್ಚಿಕೊಂಡವು. ಆಮೇಲೆ ಅಣಬೆ ಹವಳ ಮುದುಡಿ ಕಲ್ಲಿನಿಂದ ಜಾರಿತು. ಒಂದು ದಿನ ಸೀಗಡಿ ಮಗುಚಿಕೊಂಡು ಬಿದ್ದಿತ್ತು. ಬಸವರಾಜನ ಹತ್ತಿರ ಓಡಿದೆ. ನೈಟ್ರೇಟು ಎಷ್ಟಿದೆ ಎಂದು ಕೇಳಿದ. ಹತ್ತು ಎಂದೆ.

"ಹತ್ತಿದ್ರ ಹಿಂಗ ಆಗೂದಿಲ್ಲರೀ ಸರ," ಎಂದು ಅವನು ನನ್ನ ಮುಖವನ್ನೇ ನೋಡಿದ. "ನೀವ ನೋಡೀರೇನು, ಬ್ಯಾರೆ ಯಾರರ ನೋಡ್ಯಾರೋ?"

ನಾನೇ ನೋಡಿದ್ದೇನೆ, ಕಿಟ್ಟೇ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಜರ್ಮನಿಯ ಕಿಟ್ ಕೊಂಡೆ. ಒಂಬತ್ತು ಚೌಕದಲ್ಲಿ ಇನ್ನಷ್ಟು ಕಳೆದುಹೋದೆ. ಮುಂದಿನ ವಾರ ಅಮೆರಿಕದ್ದನ್ನೂ ತಂದೆ. ಬಸವರಾಜ ಒಳ್ಳೆಯವನು; ಮೂರನೆಯದನ್ನು ಕೊಡುವಾಗ, ಮೂರು ಕಿಟ್ ಸುಳ್ಳು ಹೇಳಲಿಕ್ಕಿಲ್ಲ, ನೀರು ಇಲ್ಲಿಗೇ ತನ್ನಿ, ನಾನು ನೋಡುತ್ತೇನೆ ಎಂದ. ಆದರೆ ಅದೇ ವಾರ ಅವನ ತಂಗಿಯ ಮದುವೆ, ಅಂಗಡಿ ಮುಚ್ಚಿ ಊರಿಗೆ ಹೋದ. ನಾನು ಮನೆಗೆ ಬಂದು ನೋಡಿದರೆ ನೀಲಿ ಮೀನು ಕಲ್ಲಿನ ಸಂದಿಯಲ್ಲಿ ಸೇರಿಕೊಂಡಿತ್ತು. ಊಟ ಹಾಕಿದರೆ ಹೊರಗೆ ಬರಲಿಲ್ಲ. ಅದರ ನೀಲಿ ಮಾಸಿತ್ತು. ಕೆಂಪೋ ಹಸಿರೋ ಮಾಸಿದ್ದರೆ ನನಗೆ ತಿಳಿಯುತ್ತಿರಲಿಲ್ಲ, ಇದು ತಿಳಿಯಿತು. ಇದು ಸಾಯಬಾರದು ಎಂದುಕೊಂಡೆ. ನಾನು ಸತ್ತರೂ ಪರವಾಗಿಲ್ಲ ಎಂಬ ಮಾತೆಲ್ಲ ಸುಳ್ಳು, ಆದರೆ ಇದು ಸಾಯಬಾರದು.

ಪಕ್ಕದ ಕೋಣೆಯಲ್ಲೇ ವನಜಾ ಇದ್ದಳು. ಎರಡು ಕಣ್ಣೂ ಚೆನ್ನಾಗಿದ್ದವು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ಒಂಬತ್ತು ವರ್ಷದ ಸೀರೆಗಳೆಲ್ಲ ಬೀರುವಿನಿಂದ ಹೊರಗೆ ಬರುತ್ತವೆ. ಆ ಒಂದು ಮಾತು ನನಗೆ ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಯಿತು. ಆಗ ನನ್ನ ಘನವಾದ ತಲೆಗೆ ಒಂದು ಉಪಾಯ ಹೊಳೆಯಿತು: ಬಣ್ಣ ಹೋಲಿಸಿ ನೋಡುವುದನ್ನೇ ಕಸುಬು ಮಾಡಿಕೊಂಡವರು ಊರಿನಲ್ಲಿ ಇದ್ದಾರಲ್ಲ! ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ ವನಜಾ ಯಾವಾಗಲೂ ಹೋಗುವ ಒಂದು ಮ್ಯಾಚಿಂಗ್ ಸೆಂಟರ್. ಗೋಡೆಯ ಉದ್ದಕ್ಕೂ ನೆಲದಿಂದ ಸೂರಿನವರೆಗೆ ರವಿಕೆ ಬಟ್ಟೆಯ ಸುರುಳಿಗಳು. ಯಾವ ಸೀರೆ ತೆಗೆದುಕೊಂಡು ಹೋದರೂ ಅದಕ್ಕೆ ಸರಿಹೊಂದುವ ರವಿಕೆ ಬಟ್ಟೆ ಸಿಗುತ್ತದೆ. ಮರುದಿನ ಭಾನುವಾರ, ಅಂಗಡಿ ತೆರೆದಿರುತ್ತದೆ. ಒಂದು ಸಣ್ಣ ಶೀಷೆಯಲ್ಲಿ ತೊಟ್ಟಿಯ ನೀರು ತುಂಬಿಕೊಂಡು, ಅಮೆರಿಕದ ಕಿಟ್ಟನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಹೊರಟೆ. ಬಣ್ಣ ಐದೇ ನಿಮಿಷಕ್ಕೆ ನೋಡಬೇಕು, ಆಮೇಲೆ ಗಾಢವಾಗುತ್ತದೆ. ಹಾಗಾಗಿ ಪರೀಕ್ಷೆಯನ್ನು ಅಲ್ಲಿಯೇ ಮಾಡಬೇಕಿತ್ತು.

ಅಂಗಡಿಯವರಿಗೆ ಅರವತ್ತರ ಹತ್ತಿರ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರು. ಇಬ್ಬರು ಹೆಂಗಸರು ಸೀರೆ ಹಿಡಿದು ಕಾಯುತ್ತಿದ್ದರು. ನಾನು ಅವರ ಕತ್ತರಿಯ ಪಕ್ಕದಲ್ಲಿ ಕೊಳವೆ ಇಟ್ಟು, ಹನಿ ಹಾಕಿ, ಕುಲುಕಿ, ಇದಕ್ಕೊಂದು ಮ್ಯಾಚಿಂಗ್ ನೋಡಿಕೊಡಬೇಕು ಎಂದು ಕಾರ್ಡು ಚಾಚಿದೆ. ಅವರು ನನ್ನನ್ನು ನೋಡಿದರು, ಕೊಳವೆಯನ್ನು ನೋಡಿದರು. ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ಇದು ಮೀನಿನ ನೀರು ಎಂದು ಸ್ಪಷ್ಟಪಡಿಸಿದೆ. ನಲವತ್ತು ವರ್ಷದ ಕಸುಬಿನಲ್ಲಿ ಅವರು ಯಾವುದಕ್ಕೂ ಇಲ್ಲ ಎಂದವರಲ್ಲ ಎಂದು ಕಾಣುತ್ತದೆ, ಐದು ನಿಮಿಷ ಕಾದರು. ಆಮೇಲೆ ನಾನು ಕೊಳವೆಯನ್ನು ಟ್ಯೂಬ್‌ಲೈಟಿಗೆ ಹಿಡಿಯುತ್ತಿದ್ದಂತೆ ಕೈಯಿಂದ ಕಿತ್ತುಕೊಂಡು, ಟ್ಯೂಬ್‌ಲೈಟಲ್ಲಿ ಮ್ಯಾಚಿಂಗ್ ನೋಡಬಾರದು ಸಾರ್ ಎಂದು ಗದರಿ, ಬಾಗಿಲಿಗೆ ಹೋಗಿ ಬಿಸಿಲಿನ ಬೆಳಕಿನಲ್ಲಿ ಕಾರ್ಡಿನ ಪಕ್ಕ ಹಿಡಿದರು. ಒಂದು ನಿಮಿಷವೂ ಬೇಕಾಗಲಿಲ್ಲ.

"ಎಂಬತ್ತು. ಎಂಬತ್ತಕ್ಕಿಂತ ಒಂದು ಶೇಡ್ ಡಾರ್ಕೇ ಇದೆ," ಎಂದರು.

ನಾನು ರಿಜಿಸ್ಟರಿನಲ್ಲಿ ಹತ್ತು ಎಂದು ಬರೆದಿದ್ದೇನೆ ಎಂದು ತೊದಲಿದೆ.

"ಹತ್ತು ಇಲ್ಲಿದೆ ನೋಡಿ ಸಾರ್, ನಿಂಬೆಹಣ್ಣಿನ ಥರ. ಇದು ರಕ್ತದ ಥರ ಕೆಂಪಗಿದೆ. ನಿಮಗೆ ಕಾಣ್ತಿಲ್ವಾ?"

ಹೆಂಗಸರಿಬ್ಬರೂ ನನ್ನನ್ನೇ ನೋಡುತ್ತಿದ್ದರು. ಗಮನಿಸಲಿಲ್ಲ ಎನ್ನಬಹುದಿತ್ತು, ಕನ್ನಡಕ ಮನೆಯಲ್ಲಿದೆ ಎನ್ನಬಹುದಿತ್ತು. ಕಲ್ಲಿನ ಸಂದಿಯಲ್ಲಿದ್ದ ಮೀನು ನೆನಪಾಯಿತು. "ಕಾಣಲ್ಲ," ಎಂದೆ. "ನನಗೆ ಕೆಂಪು ಹಸಿರು ಕಾಣಲ್ಲ." ಭೂಮಿ ಬಾಯಿಬಿಡಲಿಲ್ಲ. ಹೆಂಗಸರು ತಮ್ಮ ಸೀರೆಯ ಕಡೆ ತಿರುಗಿದರು. ಅಂಗಡಿಯವರು ಕೊಳವೆಯನ್ನು ನನ್ನ ಕೈಗಿಟ್ಟು, ಎಷ್ಟೋ ಗಂಡಸರಿಗೆ ಹಾಗೇ ಸಾರ್, ಇನ್ನು ಮೇಲೆ ಹೆಂಡತಿಯನ್ನು ಕರೆದುಕೊಂಡು ಬನ್ನಿ ಎಂದು ಹೇಳಿ ಮುಂದಿನ ಗಿರಾಕಿಯ ಸೀರೆ ಬಿಚ್ಚಿದರು. ನಾನು ಇಪ್ಪತ್ತೆರಡು ವರ್ಷ ಹೊತ್ತುಕೊಂಡು ತಿರುಗಿದ್ದ ಗುಟ್ಟಿಗೆ ಅಲ್ಲಿ ಸಿಕ್ಕಿದ ಬೆಲೆ ಅಷ್ಟೇ.

ಮನೆಗೆ ಬಂದಾಗ ವನಜಾ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಒಲೆಯ ಪಕ್ಕ ನಿಂತು ಎಲ್ಲವನ್ನೂ ಹೇಳಿದೆ, ಮೆಣಸಿನಕಾಯಿಯಿಂದ ಹಿಡಿದು ಮ್ಯಾಚಿಂಗ್ ಸೆಂಟರಿನವರೆಗೆ. ಕೇಳಿಸಿಕೊಳ್ಳುತ್ತಲೇ ರವೆ ಹುರಿದಳು. ಕೊನೆಗೆ, ಇದನ್ನು ಮೊದಲು ಹೇಳಿದ್ದು ಆ ಅಂಗಡಿಯವರಿಗೋ ಎಂದು ಕೇಳಿದಳು. ಹೌದು ಎಂದೆ. ಅವಳು ಒಲೆ ಆರಿಸಿದಳು.

"ನಮ್ಮ ತಮ್ಮನ ಮದುವೆಗೆ ಉಟ್ಟಿದ್ದು, ತಂಗಿ ಮನೆ ಗೃಹಪ್ರವೇಶಕ್ಕೆ ಉಟ್ಟಿದ್ದು, ಎಲ್ಲಾ ಚೆನ್ನಾಗಿದೆ ಅಂದ್ರಲ್ಲ. ಒಂಬತ್ತು ವರ್ಷ ನಾನು ಕನ್ನಡೀನ ಕೇಳ್ತಿರಲಿಲ್ಲ, ನಿಮ್ಮನ್ನ ಕೇಳ್ತಿದ್ದೆ."

ನಾನು ನೋಡುತ್ತಿದ್ದದ್ದು ಸೀರೆಯನ್ನಲ್ಲ, ನಿನ್ನನ್ನು ಎಂದೆ. ನಿಜವನ್ನೇ ಹೇಳಿದ್ದೆ. ಡೈಲಾಗ್ ಬೇಡ ಎಂದಳು. ಆವತ್ತು ಉಪ್ಪಿಟ್ಟು ಆಗಲಿಲ್ಲ.

ಎರಡು ದಿನ ಮಾತಿಲ್ಲ. ಮಾತಾಡಿಸಲು ನನಗೆ ಮುಖವಿರಲಿಲ್ಲ, ಆದರೆ ಕೈಯಿತ್ತು. ಕಚೇರಿಗೆ ರಜೆ ಹಾಕಿ ಬಕೀಟುಗಳನ್ನು ತೊಳೆದು ಸಾಲಾಗಿ ಇಟ್ಟೆ. ಉಪ್ಪು ಬೆರೆಸಿದೆ, ನೀರು ತಿಳಿಯಾಗುವವರೆಗೆ ಕಾದೆ. ತೊಟ್ಟಿಯ ಮೂರನೆಯ ಒಂದು ಪಾಲು ನೀರನ್ನು ಪೈಪಿನಿಂದ ಎಳೆದು, ಬಕೀಟು ಬಕೀಟಾಗಿ ಹೊತ್ತು ಚೆಲ್ಲಿ, ಹೊಸ ನೀರು ತುಂಬಿದೆ. ಮರುದಿನ ಮತ್ತೆ ಅಷ್ಟೇ. ಮೆಟ್ಟಿಲಿನ ಮೇಲೆ ನೀರು ತುಳುಕಿ ಚಿಕ್ಕಣ್ಣನವರ ಬಾಗಿಲವರೆಗೆ ಹರಿಯಿತು. ಅವರು ಬಂದು, ಹೊರಗೆ ಚೆಲ್ಲುವ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟು ಥೂ ಎಂದು ಉಗಿದು, ಹೊಸ ನೀರಿನ ಬಕೀಟಿಗೆ ಅದ್ದಿ ನೋಡಿ ತಲೆಯಾಡಿಸಿದರು. ಅವರಿಗೆ ಏನು ತಿಳಿಯಿತೋ ಗೊತ್ತಿಲ್ಲ, ನನಗೆ ಅದರಿಂದಲೇ ಒಂದಿಷ್ಟು ಧೈರ್ಯ ಬಂತು. ಊಟ ಹಾಕುವುದನ್ನು ದಿನಕ್ಕೊಂದು ಚಿಟಿಕೆಗೆ ಇಳಿಸಿದೆ. ಬೆನ್ನು ಬಿದ್ದುಹೋಗಿತ್ತು, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಮೀನು ಇನ್ನೂ ಸಂದಿಯಲ್ಲೇ ಇತ್ತು, ಆದರೆ ಇತ್ತು.

ಮೂರನೆಯ ದಿನ ಬೆಳಗ್ಗೆ ಕೊಳವೆಗೆ ನೀರು ತುಂಬಿ ಹನಿ ಹಾಕಿ ಕೂತೆ. ಐದು ನಿಮಿಷ ಕಳೆಯಿತು. ಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ, ಕಾರ್ಡಿನ ಕಡೆ ನೋಡಲು ಮನಸ್ಸಾಗಲಿಲ್ಲ. ರಿಜಿಸ್ಟರು ಮುಂದೆ ತೆರೆದಿತ್ತು. ವನಜಾ ಒಳಗಿನಿಂದ ಬಂದಳು. ನನ್ನ ಕೈಯಿಂದ ಕೊಳವೆಯನ್ನೂ ಕಾರ್ಡನ್ನೂ ತೆಗೆದುಕೊಂಡು ಬಾಲ್ಕನಿಗೆ ಹೋದಳು. ಬೆಳಕಿಗೆ ಹಿಡಿದು ಒಮ್ಮೆ ನೋಡಿದಳು, ಕಾರ್ಡನ್ನು ತಿರುಗಿಸಿ ಇನ್ನೊಮ್ಮೆ ನೋಡಿದಳು. ನಾನು ರೂಢಿಯ ಬಲದಿಂದ ಅವಳ ಕೈಯನ್ನೂ ಮುಖವನ್ನೂ ನೋಡಿದೆ. ಏನೂ ಗೊತ್ತಾಗಲಿಲ್ಲ.

ನನ್ನ ಕಡೆ ತಿರುಗದೆಯೇ ಕೇಳಿದಳು: "ಚೆನ್ನಾಗಿದೆ ಅನ್ನಲಾ, ಇರೋದನ್ನ ಹೇಳಲಾ?"

"ಇರೋದನ್ನ ಹೇಳು," ಎಂದೆ.

"ನಲವತ್ತು."

ರಿಜಿಸ್ಟರಿನಲ್ಲಿ ನಲವತ್ತು ಎಂದು ಬರೆದೆ. ಬರೆದು ಎದ್ದು ಒಂದು ಬಕೀಟು ಎತ್ತಿಕೊಂಡೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದನ್ನು ಎತ್ತಿಕೊಂಡಳು.